ಎರಡು ಭಾಷಣ, ಎರಡು ಕಾರಣ: ಯಾರ ಮಾತು ನಂಬೋದು?

ಪ್ರಶ್ನೆ: ನಾನು ಧಾರವಾಡದ ನಿವೃತ್ತ ಶಿಕ್ಷಕಿ. ಸದ್ಯ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ರಾಲಿ ಊರಿನ ಹತ್ತಿರ ಮಗನ ಮನೆಯಲ್ಲಿದ್ದೇನೆ. ಇಲ್ಲಿನ ಲೈಬ್ರರಿಯಲ್ಲಿ ಲೇಖಕರು, ಇತಿಹಾಸಕಾರರು ಬಂದು ಭಾಷಣ ಮಾಡುತ್ತಾರೆ. ಟಿಕೆಟ್ ಇಲ್ಲ. ಹೊತ್ತು ಹೋಗಲಿ ಅಂತ ನಾನೂ ಹೋಗತೊಡಗಿದೆ. ಒಮ್ಮೆ ಇದೇ ಊರಿನ ಲೇಖಕರೊಬ್ಬರು 1861ರಿಂದ 1865ರವರೆಗೆ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧಕ್ಕೆ ಗುಲಾಮಗಿರಿ ಕಾರಣವೇ ಅಲ್ಲ, ಅದು ರಾಜ್ಯಗಳ ಹಕ್ಕು (ಕೇಂದ್ರಕ್ಕೆ ಬಗ್ಗದೆ ತಮ್ಮ ವಿಷಯ ತಾವೇ ತೀರ್ಮಾನಿಸುವ ಹಕ್ಕು) ಮತ್ತು ಆಮದು ಸುಂಕದ ಜಗಳ ಎಂದರು. ದಕ್ಷಿಣದವರಲ್ಲಿ ನೂರಕ್ಕೆ ಐದಾರು ಜನರ ಹತ್ತಿರ ಮಾತ್ರ ಗುಲಾಮರಿದ್ದರಂತೆ. ಆಗಿನ ಅಧ್ಯಕ್ಷ ಲಿಂಕನ್‌ಗೂ ಗುಲಾಮರ ಚಿಂತೆ ಇರಲಿಲ್ಲ ಅಂತ ಅವರದೇ ಪತ್ರ ಓದಿ ತೋರಿಸಿದರು. ಮಾತು ತುಂಬ ಸೊಗಸಾಗಿತ್ತು. ಕೆಲವು ವಾರದ ನಂತರ ಬಂದ ಪ್ರೊಫೆಸರ್ ಒಬ್ಬರು ಗುಲಾಮಗಿರಿಯೇ ಕಾರಣ, ಅನುಮಾನವೇ ಬೇಡ ಎಂದರು. ಎಂಟನೇ ಕ್ಲಾಸಿನ ಮೊಮ್ಮಗನಿಗೆ ಇದೇ ವಿಷಯದ ಪ್ರಾಜೆಕ್ಟ್ ಇದೆ. ಸತ್ಯ ಇಬ್ಬರ ಮಧ್ಯದಲ್ಲಿ ಎಲ್ಲೋ ಇರಬಹುದಾ? ಮುಂದೆ ಯಾರ ಭಾಷಣಕ್ಕೆ ಹೋಗಲಿ, ಯಾರದು ಬಿಡಲಿ? ಹೊರಗಿನಿಂದ ಬಂದವಳು ನಾನು, ಎದ್ದು ನಿಂತು ಪ್ರಶ್ನೆ ಕೇಳಿದರೆ ತಪ್ಪಾಗುತ್ತದಾ?

ಉತ್ತರ: ಮಧ್ಯದಲ್ಲಿ ಇಲ್ಲ ಅಕ್ಕೋರೆ. ಈ ಒಂದು ವಿಷಯದಲ್ಲಿ ಪ್ರೊಫೆಸರ್ ಹೇಳಿದ್ದೇ ಸರಿ. ಮೊದಲೇ ಹೇಳಿಬಿಡುತ್ತೇನೆ, ಯಾಕೆ ಅನ್ನೋದನ್ನು ಆಮೇಲೆ ನೋಡೋಣ. ಕಾಲೇಜಿನಲ್ಲಿ ಅಮೆರಿಕದ ಇತಿಹಾಸ ಪಾಠ ಮಾಡಿದವನು ನಾನು. "ಎರಡೂ ಕಡೆ ಸ್ವಲ್ಪ ಸ್ವಲ್ಪ ಸತ್ಯವಿದೆ" ಅನ್ನುವ ಉತ್ತರವನ್ನು ಪರೀಕ್ಷೆಯ ಪೇಪರುಗಳಲ್ಲಿ ಬೇಕಾದಷ್ಟು ಓದಿದ್ದೇನೆ. ಜಗಳಕ್ಕೆ ಬಂದ ಇಬ್ಬರಿಗೂ ಅರ್ಧರ್ಧ ಹಂಚಿ ಕಳಿಸುವುದು ಊರಿನ ಪಂಚಾಯಿತಿಗೆ ನಡೆದೀತು. ಇಲ್ಲಿ ಮೊದಲು ಕಾಗದ ಪತ್ರ ನೋಡಬೇಕು.

ಕಾಗದ ಪತ್ರ ಧಾರಾಳವಾಗಿವೆ. ದಕ್ಷಿಣದ ರಾಜ್ಯಗಳು ಅಮೆರಿಕದ ಒಕ್ಕೂಟ ಬಿಟ್ಟು ಬೇರೆ ದೇಶ ಕಟ್ಟಿಕೊಳ್ಳಲು ಹೋಗುವಾಗ ಸುಮ್ನೆ ಹೋಗಲಿಲ್ಲ, ಯಾಕೆ ಹೋಗುತ್ತಿದ್ದೇವೆ ಅಂತ ಬರೆದಿಟ್ಟು ಹೋದವು. ಸೌತ್ ಕ್ಯಾರೊಲಿನಾ, ಮಿಸಿಸಿಪ್ಪಿ, ಜಾರ್ಜಿಯಾ, ಟೆಕ್ಸಸ್ ಈ ನಾಲ್ಕು ರಾಜ್ಯಗಳ ಘೋಷಣೆಗಳು ಇಂಟರ್ನೆಟ್ಟಿನಲ್ಲಿ ಪೂರ್ತಿ ಸಿಗುತ್ತವೆ. 1861ರ ಜನವರಿಯ ಮಿಸಿಸಿಪ್ಪಿ ಘೋಷಣೆ ಶುರುವಿನಲ್ಲೇ ಹೇಳುತ್ತದೆ: ನಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿಯಾಗಿ ಬೆಸೆದುಕೊಂಡಿದೆ. ಇದಕ್ಕಿಂತ ನೇರವಾಗಿ ಇನ್ನು ಹೇಗೆ ಹೇಳಬೇಕು ಹೇಳಿ.

ಸೌತ್ ಕ್ಯಾರೊಲಿನಾದ್ದು ಇನ್ನೂ ಸ್ವಾರಸ್ಯ. ಇದು 1860ರ ಡಿಸೆಂಬರಿನದು. ರಾಜ್ಯಗಳ ಹಕ್ಕು ಅಂತ ಹೇಳುವವರು ಎಲ್ಲಕ್ಕಿಂತ ಮೊದಲು ಓದಬೇಕಾದ್ದು ಇದನ್ನೇ. ಸೌತ್ ಕ್ಯಾರೊಲಿನಾದವರ ದೂರು ಏನು ಗೊತ್ತಾ? ಉತ್ತರದ ರಾಜ್ಯಗಳು ತಮ್ಮ ಹಕ್ಕನ್ನು ಜಾಸ್ತಿ ಚಲಾಯಿಸುತ್ತಿವೆ ಅನ್ನೋದು! ಓಡಿ ಹೋದ ಗುಲಾಮರನ್ನು ಹಿಡಿದು ಒಪ್ಪಿಸಬೇಕು ಅಂತ ಕೇಂದ್ರದ ಕಾನೂನಿತ್ತು. ಉತ್ತರದ ಹಲವು ರಾಜ್ಯಗಳು ಅದಕ್ಕೆ ಅಡ್ಡಿಯಾಗುವಂಥ ತಮ್ಮದೇ ಕಾನೂನು ಮಾಡಿಕೊಂಡವು. ಘೋಷಣೆ ಅವುಗಳ ಹೆಸರು ಒಂದೊಂದಾಗಿ ಹಿಡಿದು ಬೈಯುತ್ತದೆ. ನ್ಯೂಯಾರ್ಕಿನಲ್ಲಿ ಗುಲಾಮನನ್ನು ಕರೆದುಕೊಂಡು ಹಾದುಹೋಗಲೂ ಬಿಡುವುದಿಲ್ಲ ಅಂತ ಕೊರಗುತ್ತದೆ. ಹಾಗಾದರೆ ಇದು ಯಾವ ರಾಜ್ಯದ ಹಕ್ಕಿನ ಪರ? ಒಕ್ಕೂಟ ಬಿಟ್ಟವರು ಮಾಡಿಕೊಂಡ ಹೊಸ ಸಂವಿಧಾನದಲ್ಲೂ ಅಷ್ಟೇ. ಗುಲಾಮರ ಮೇಲಿನ ಒಡೆತನಕ್ಕೆ ಧಕ್ಕೆ ತರುವ ಕಾನೂನನ್ನು ಅವರ ಸಂಸತ್ತು ಮಾಡುವಂತಿರಲಿಲ್ಲ. ಗುಲಾಮರನ್ನು ಯಾವ ರಾಜ್ಯಕ್ಕೆ ಬೇಕಾದರೂ ಕರೆದೊಯ್ಯುವ ಹಕ್ಕು ಒಡೆಯರಿಗೆ ಇತ್ತು.

ಸುಂಕದ ಮಾತಿಗೆ ಹೆಚ್ಚು ಹೊತ್ತು ಬೇಡ. ಯುದ್ಧಕ್ಕೆ ಮುಂಚೆ ಜಾರಿಯಲ್ಲಿದ್ದದ್ದು 1857ರ ಸುಂಕ, ಅದು ಬಹಳ ವರ್ಷಗಳಲ್ಲೇ ಕಡಿಮೆಯದು. ದಕ್ಷಿಣದವರು ಬೈಯುವ, ಸುಂಕ ಏರಿಸಿದ ಮಾರಿಲ್ ಕಾನೂನಿಗೆ ಸಹಿ ಬಿದ್ದದ್ದು 1861ರ ಮಾರ್ಚ್ 2ರಂದು. ಅಷ್ಟು ಹೊತ್ತಿಗೆ ಏಳು ರಾಜ್ಯಗಳು ಆಗಲೇ ಹೊರಟುಹೋಗಿದ್ದವು. ಅವರ ಸೆನೆಟರುಗಳು ಎದ್ದು ಹೋದದ್ದರಿಂದಲೇ ಅದು ಸಲೀಸಾಗಿ ಪಾಸಾಯಿತು.

ಇನ್ನು ನೂರಕ್ಕೆ ಐದಾರು ಅನ್ನುವ ಲೆಕ್ಕ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಭಾಷಣಗಳಲ್ಲಿ ಅಂಕಿ ಹೇಗೆ ದಾರಿ ತಪ್ಪಿಸುತ್ತದೆ ಅನ್ನೋದಕ್ಕೆ ಇದು ಒಳ್ಳೆಯ ಉದಾಹರಣೆ. ಅಂಕಿ ಸುಳ್ಳಲ್ಲ. 1860ರ ಜನಗಣತಿಯಲ್ಲಿ ಗುಲಾಮರ ಒಡೆಯ ಅಂತ ಹೆಸರು ಬರೆಸಿದವರನ್ನು ಒಟ್ಟು ಬಿಳಿಯರ ಸಂಖ್ಯೆಯಿಂದ ಭಾಗಿಸಿದರೆ ಅಷ್ಟೇ ಬರುತ್ತದೆ. ಆದರೆ ಮನೆಯಲ್ಲಿ ಒಡೆಯ ಅಂತ ಹೆಸರು ಇರುವುದು ಸಾಮಾನ್ಯವಾಗಿ ಯಜಮಾನನದು ಮಾತ್ರ. ಹೆಂಡತಿ, ಮಕ್ಕಳು, ತೊಟ್ಟಿಲಲ್ಲಿರುವ ಕೂಸು ಎಲ್ಲರೂ "ಗುಲಾಮರಿಲ್ಲದವರು" ಅಂತ ಲೆಕ್ಕಕ್ಕೆ ಸೇರುತ್ತಾರೆ. ನಮ್ಮ ಕಡೆ ಪಹಣಿಯಲ್ಲಿ ಅಪ್ಪನ ಹೆಸರೊಂದೇ ಇದೆ ಅಂತ ಮನೆಯ ಉಳಿದವರಿಗೆ ಹೊಲವೇ ಇಲ್ಲ ಅನ್ನುತ್ತೀವಾ? ಕುಟುಂಬದ ಲೆಕ್ಕ ಹಿಡಿದರೆ ಒಕ್ಕೂಟ ಬಿಟ್ಟ 11 ರಾಜ್ಯಗಳಲ್ಲಿ ಸುಮಾರು ನೂರಕ್ಕೆ 30 ಮನೆಗಳಲ್ಲಿ ಗುಲಾಮರಿದ್ದರು. ಮಿಸಿಸಿಪ್ಪಿಯಲ್ಲಿ ಹತ್ತಿರ ಹತ್ತಿರ ಅರ್ಧ. ನೀವಿರುವ ನಾರ್ತ್ ಕ್ಯಾರೊಲಿನಾದಲ್ಲಿ ಆಗ ಸುಮಾರು 10 ಲಕ್ಷ ಜನ, ಅವರಲ್ಲಿ 3,30,000ಕ್ಕೂ ಹೆಚ್ಚು ಜನ ಗುಲಾಮರು. ಮೂರರಲ್ಲಿ ಒಬ್ಬರು.

ಲಿಂಕನ್ ಪತ್ರವೂ ಸುಳ್ಳಲ್ಲ, ಅರ್ಧಕ್ಕೆ ಕತ್ತರಿಸಿದ್ದು. 1862ರ ಆಗಸ್ಟ್ 22ರಂದು ಹೊರೇಸ್ ಗ್ರೀಲಿ ಎಂಬ ಪತ್ರಿಕಾ ಸಂಪಾದಕರಿಗೆ ಬರೆದದ್ದು ಅದು. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೇ ಮಾಡುತ್ತೇನೆ ಅನ್ನುವ ಮಾತು ಅದರಲ್ಲಿ ನಿಜವಾಗಿಯೂ ಇದೆ. ನಿಮ್ಮ ಲೇಖಕರು ಅಲ್ಲಿಗೆ ನಿಲ್ಲಿಸಿರಬೇಕು, ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ಸಾಲು ಎಲ್ಲರನ್ನೂ ಬಿಡಿಸಿ ಉಳಿಸಬೇಕಾದರೆ ಹಾಗೆ ಮಾಡುತ್ತೇನೆ ಅನ್ನುತ್ತದೆ. ಪತ್ರ ಮುಗಿಯುವುದು, ಎಲ್ಲ ಕಡೆ ಎಲ್ಲ ಮನುಷ್ಯರೂ ಸ್ವತಂತ್ರರಾಗಲಿ ಅನ್ನುವ ನನ್ನ ಸ್ವಂತ ಆಸೆ ಬದಲಾಗಿಲ್ಲ ಅನ್ನುವ ಮಾತಿನಿಂದ. ಇನ್ನೊಂದು ವಿಷಯ: ಈ ಪತ್ರ ಬರೆಯುವ ಒಂದು ತಿಂಗಳು ಮುಂಚೆ, ಜುಲೈ 22ಕ್ಕೆ, ಬಿಡುಗಡೆಯ ಆದೇಶದ ಕರಡನ್ನು ಅವರು ತಮ್ಮ ಮಂತ್ರಿಗಳ ಮುಂದೆ ಓದಿ ಆಗಿತ್ತು. ಅದು ಮೇಜಿನ ಡ್ರಾಯರಿನಲ್ಲಿರುವಾಗ ಬರೆದ ಪತ್ರ ಇದು. ಹೊರಡಿಸಲು ಹೊತ್ತು ಕಾಯುತ್ತಿದ್ದ ರಾಜಕಾರಣಿಯ ಪತ್ರ. ಹಾಗಂತ ಲಿಂಕನ್ ಅವರನ್ನು ದೇವರ ಮನೆಯಲ್ಲಿ ಕೂರಿಸುವುದೂ ಬೇಡ. 1863ರ ಜನವರಿ 1ರ ಆ ಆದೇಶ, ಒಕ್ಕೂಟದಲ್ಲೇ ಉಳಿದ ಗುಲಾಮ ರಾಜ್ಯಗಳಿಗೆ ಅನ್ವಯಿಸಲೇ ಇಲ್ಲ. ದೇಶದಾದ್ಯಂತ ಗುಲಾಮಗಿರಿ ಹೋದದ್ದು 1865ರ ಡಿಸೆಂಬರಿನಲ್ಲಿ, ಸಂವಿಧಾನದ 13ನೇ ತಿದ್ದುಪಡಿಯಿಂದ.

ಇಷ್ಟು ಹೇಳಿದ ಮೇಲೆ ಆ ಲೇಖಕರು ಬೇಕಂತಲೇ ಸುಳ್ಳು ಹೇಳಿದರು ಅಂತ ಅಂದುಕೊಳ್ಳಬೇಡಿ. ಅವರು ಹೇಳಿದ್ದು ಅಜ್ಜನಿಂದ ಮೊಮ್ಮಗನಿಗೆ ಬಂದ ಕಥೆ. ಈ ಕಥೆಯನ್ನು ಯಾರು, ಯಾವಾಗ ಕಟ್ಟಿದರು ಅನ್ನೋದಕ್ಕೂ ದಾಖಲೆ ಇದೆ. ಅಲೆಗ್ಸಾಂಡರ್ ಸ್ಟೀಫನ್ಸ್ ಅಂತ ಒಬ್ಬರು, ಒಕ್ಕೂಟ ಬಿಟ್ಟ ರಾಜ್ಯಗಳ ಉಪಾಧ್ಯಕ್ಷರು. 1861ರ ಮಾರ್ಚ್ 21ರಂದು ಜಾರ್ಜಿಯಾದ ಸವಾನಾದಲ್ಲಿ ತುಂಬಿದ ಸಭೆಗೆ ಅವರು ಹೇಳಿದ್ದು: ಕಪ್ಪು ಜನ ಬಿಳಿಯರಿಗೆ ಸಮಾನರಲ್ಲ, ನಮ್ಮ ಹೊಸ ಸರ್ಕಾರದ ಮೂಲೆಗಲ್ಲೇ ಈ ಸತ್ಯ. ಸಭೆ ಚಪ್ಪಾಳೆ ತಟ್ಟಿತು. ಯುದ್ಧ ಸೋತರು. ಅದೇ ಸ್ಟೀಫನ್ಸ್ 1868 ಮತ್ತು 1870ರಲ್ಲಿ ಎರಡು ದಪ್ಪ ಸಂಪುಟ ಬರೆದು, ಜಗಳವೆಲ್ಲ ರಾಜ್ಯಗಳ ಅಧಿಕಾರ ಮತ್ತು ಸಂವಿಧಾನದ ಬಗ್ಗೆ ಅಂತ ವಾದಿಸಿದರು. ಮನುಷ್ಯ ಒಬ್ಬನೇ. ನಡುವೆ ಸೋಲೊಂದು ಬಂದಿತ್ತು.

ಆಮೇಲೆ ಇದನ್ನು ಶಾಲೆಗಳಿಗೆ ಮುಟ್ಟಿಸಿದ್ದು 1894ರಲ್ಲಿ ಹುಟ್ಟಿದ ದಕ್ಷಿಣದ ಮಹಿಳೆಯರ ಒಂದು ಸಂಘ. ಅದರ ಇತಿಹಾಸ ವಿಭಾಗ ನೋಡಿಕೊಂಡಿದ್ದ ಜಾರ್ಜಿಯಾದ ಮಿಲ್ಡ್ರೆಡ್ ರುದರ್ಫರ್ಡ್ 1920ರ ಸುಮಾರಿಗೆ ಶಾಲಾ ಪುಸ್ತಕಗಳನ್ನು ಅಳೆಯಲು ಒಂದು ಕೈಪಿಡಿ ತಂದರು. ದಕ್ಷಿಣದವರು ಗುಲಾಮರನ್ನು ಉಳಿಸಿಕೊಳ್ಳಲು ಹೋರಾಡಿದರು ಅಂತ ಬರೆದ ಪುಸ್ತಕವನ್ನು ತಿರಸ್ಕರಿಸಿ ಅನ್ನೋದು ಅದರ ಸೂಚನೆಗಳಲ್ಲಿ ಒಂದು. ಅಂಥ ಪುಸ್ತಕ ಓದಿದ ಮೇಷ್ಟ್ರ ಕೈಲಿ ಕಲಿತವರ ಮಕ್ಕಳು ಇವತ್ತು ನಿಮ್ಮ ಲೈಬ್ರರಿಯಲ್ಲಿ ಮಾತಾಡುತ್ತಿದ್ದಾರೆ. ನೀವು ಪಾಠ ಹೇಳಿದವರು, ಪಠ್ಯಪುಸ್ತಕದ ಒಂದು ಸಾಲು ಎಷ್ಟು ತಲೆಮಾರು ಬದುಕುತ್ತದೆ ಅಂತ ನಿಮಗೆ ನಾನು ಹೇಳಬೇಕಾ?

ಭಾಷಣವೇ ದಾಖಲೆಯಾದ ಇನ್ನೊಂದು ಪ್ರಸಂಗ ನೀವಿರುವ ಜಾಗದಿಂದ ದೂರವೇನಿಲ್ಲ. ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದಲ್ಲಿ 1913ರ ಜೂನ್ 2ರಂದು ದಕ್ಷಿಣದ ಸೈನಿಕನ ಪ್ರತಿಮೆ ಉದ್ಘಾಟನೆಯಾಯಿತು. ಜೂಲಿಯನ್ ಕಾರ್ ಎಂಬ ದೊಡ್ಡ ಉದ್ಯಮಿ ಮಾತಾಡಿದರು. ಸೈನಿಕರ ಶೌರ್ಯ ಹೊಗಳುತ್ತಾ ನಡುವೆ, ಯುದ್ಧ ಮುಗಿಸಿ ಬಂದ ಹೊಸದರಲ್ಲಿ ಇಲ್ಲೇ ನೂರು ಗಜ ದೂರದಲ್ಲಿ ಕಪ್ಪು ಹೆಂಗಸೊಬ್ಬಳನ್ನು ಅವಳ ಲಂಗ ಚಿಂದಿಯಾಗುವ ತನಕ ಚಾಟಿಯಿಂದ ಹೊಡೆದೆ ಅಂತ ಹೆಮ್ಮೆಯಿಂದ ಹೇಳಿಕೊಂಡರು. ಆ ಭಾಷಣದ ಪ್ರತಿ ವಿಶ್ವವಿದ್ಯಾಲಯದ ಲೈಬ್ರರಿಯಲ್ಲೇ ಇತ್ತು. ಸಂಶೋಧಕರೊಬ್ಬರು ಅದನ್ನು ಹುಡುಕಿ 2011ರಲ್ಲಿ ಜನರ ಮುಂದೆ ಇಟ್ಟರು. ಅಲ್ಲಿಯವರೆಗೆ ಆ ಪ್ರತಿಮೆ ಸತ್ತ ಹುಡುಗರ ನೆನಪಿಗೆ ನಿಲ್ಲಿಸಿದ್ದು ಅಷ್ಟೇ ಅಂತ ಹೇಳುವುದು ಸುಲಭವಾಗಿತ್ತು. 2018ರ ಆಗಸ್ಟ್‌ನಲ್ಲಿ ಪ್ರತಿಭಟನೆಗೆ ಬಂದವರು ಪ್ರತಿಮೆಯನ್ನು ಬೀಳಿಸಿದರು.

ಇಲ್ಲಿ ಒಂದು ಎಚ್ಚರಿಕೆ. ಕಾರಣ ಯಾವುದು ಅನ್ನೋದು ತೀರ್ಮಾನವಾದ ಪ್ರಶ್ನೆ. ಆದರೆ ಇತಿಹಾಸಕಾರರು ನಿಜವಾಗಿಯೂ ಒಪ್ಪದೆ ವಾದಿಸುವ ಪ್ರಶ್ನೆಗಳೂ ಇವೆ. ಉತ್ತರದ ಸೈನಿಕರು ಯಾಕೆ ಹೋರಾಡಿದರು ಅನ್ನೋದು ಬೇರೆಯೇ ಪ್ರಶ್ನೆ. ಬಹಳ ಜನ ಹೊರಟದ್ದು ಒಕ್ಕೂಟ ಉಳಿಸಲು, ಗುಲಾಮರನ್ನು ಬಿಡಿಸಲು ಅಲ್ಲ. ಗುಲಾಮಗಿರಿ ಮುರಿದದ್ದು ಲಿಂಕನ್‌ರಿಂದಲೋ, ತೋಟ ಬಿಟ್ಟು ಓಡಿ ಉತ್ತರದ ಸೈನ್ಯದ ಬಿಡಾರ ಸೇರಿದ ಗುಲಾಮರಿಂದಲೋ ಅನ್ನೋದರ ಮೇಲೆ ಗಟ್ಟಿ ಚರ್ಚೆ ನಡೆದಿದೆ. ಸತ್ತವರ ಸಂಖ್ಯೆಯೂ ನಿಂತಿಲ್ಲ. ದಶಕಗಟ್ಟಲೆ 6,20,000 ಅಂತ ಹೇಳಿಕೊಂಡು ಬಂದರು, 2011ರಲ್ಲಿ ಜನಗಣತಿ ಹೋಲಿಸಿ 7,50,000 ಅಂದರು, 2024ರಲ್ಲಿ ಇನ್ನಷ್ಟು ಪೂರ್ಣ ದಾಖಲೆಯಿಂದ 7 ಲಕ್ಷಕ್ಕೆ ಸ್ವಲ್ಪ ಕಡಿಮೆ ಅಂದರು. ಇಂಥ ಕಡೆ ಇಬ್ಬರು ಭಾಷಣಕಾರರು ಬೇರೆ ಬೇರೆ ಹೇಳಿದರೆ ಗಾಬರಿ ಬೇಡ.

ಈಗ ಯಾರ ಭಾಷಣಕ್ಕೆ ಹೋಗಬೇಕು ಅನ್ನೋದು. ಭಾಷಣ ಕೇಳೋದು ಆ ದೇಶದಲ್ಲಿ ಹಳೆಯ ಹುಚ್ಚು. 1826ರಲ್ಲಿ ಮ್ಯಾಸಚೂಸೆಟ್ಸ್‌ನ ಮಿಲ್ಬರಿಯಲ್ಲಿ ಲೈಸಿಯಂ ಅಂತ ಊರಿನ ಭಾಷಣ ಸಂಘ ಶುರುವಾಗಿ, ಸ್ವಲ್ಪ ವರ್ಷದಲ್ಲೇ ಊರೂರಿಗೆ ಹಬ್ಬಿತು. ಎಮರ್ಸನ್‌ರಂಥ ಲೇಖಕರಿಗೆ ಹೊಟ್ಟೆಪಾಡು ಅದರಿಂದಲೇ ನಡೆಯಿತು. ಆಮೇಲೆ ಭಾಷಣಕಾರರನ್ನು ಊರೂರಿಗೆ ಕಳಿಸುವ ಕಂಪನಿಗಳೇ ಹುಟ್ಟಿಕೊಂಡವು. 1893ರ ಚಿಕಾಗೋ ಸಭೆಯ ನಂತರ ವಿವೇಕಾನಂದರೂ ಅಂಥ ಕಂಪನಿಯೊಂದರ ಒಪ್ಪಂದಕ್ಕೆ ಸಹಿ ಹಾಕಿ, ಊರೂರು ತಿರುಗಿ ಸುಸ್ತಾಗಿ, ಮುಂದಿನ ವರ್ಷ ಬಿಡಿಸಿಕೊಂಡರು. ಅಂದರೆ ದುಡ್ಡು, ಪ್ರಚಾರ, ಜ್ಞಾನ ಮೂರೂ ಅಲ್ಲಿ ಮೊದಲಿಂದಲೂ ಒಂದೇ ವೇದಿಕೆ ಮೇಲಿವೆ. ಇವತ್ತೂ ಅಷ್ಟೇ. ಹೊಸ ಪುಸ್ತಕ ಬಂದ ತಿಂಗಳು ಪ್ರಕಾಶಕರು ಲೇಖಕರನ್ನು ಊರು ಸುತ್ತಿಸುತ್ತಾರೆ. ಮುಕ್ಕಾಲು ಗಂಟೆ ಮಾತು, ಕಾಲು ಗಂಟೆ ಪ್ರಶ್ನೆ, ಬಾಗಿಲ ಹತ್ತಿರ ಪುಸ್ತಕದ ಮೇಜು. ಅದರಲ್ಲಿ ತಪ್ಪೇನಿಲ್ಲ. ಆದರೆ ಎದುರಿಗಿರುವವರು ಪುಸ್ತಕ ಮಾರುತ್ತಿದ್ದಾರೆ ಅನ್ನೋದು ನೆನಪಿರಲಿ.

ಊರಿನ ಲೇಖಕರನ್ನು ಪೂರ್ತಿ ಬಿಟ್ಟುಬಿಡಬೇಡಿ. ಇಂಥವರಲ್ಲಿ ಬಹಳ ಜನ ಬೇರೆ ಕೆಲಸದಿಂದ ನಿವೃತ್ತರಾದವರು, ಪ್ರೀತಿಯಿಂದ ಹುಡುಕಿದವರು. ಯಾವ ದಳ ಯಾವ ಹೊಳೆ ದಾಟಿತು, ಯಾವ ಬೇಲಿಯ ಹಿಂದೆ ನಿಂತಿತು, ಸೈನಿಕನ ಬೂಟು ಹೇಗಿತ್ತು, ಇಂಥದ್ದೆಲ್ಲ ಪ್ರೊಫೆಸರಿಗಿಂತ ಇವರಿಗೇ ಚೆನ್ನಾಗಿ ಗೊತ್ತು. ಅದನ್ನು ಕೇಳಿ ಖುಷಿಪಡಿ. "ಯಾಕೆ" ಅನ್ನುವ ಕಡೆ ಹೊರಳಿದಾಗ ಮಾತ್ರ ಕಿವಿ ಚುರುಕಾಗಲಿ. ಪ್ರೊಫೆಸರುಗಳದ್ದು ಬೇರೆ ಸಮಸ್ಯೆ. ಆಧಾರ ಗಟ್ಟಿ, ಆದರೆ ಎಷ್ಟೋ ಜನ ಕಾಗದ ನೋಡಿ ಓದುತ್ತಾರೆ, ಸಭೆ ತೂಕಡಿಸುತ್ತದೆ. ಜೊತೆಗೆ ತಮ್ಮ ಸಹೋದ್ಯೋಗಿಗಳು ಒಪ್ಪದ ಮಾತನ್ನೂ ಎಲ್ಲರೂ ಒಪ್ಪಿದ್ದು ಅನ್ನುವ ಹಾಗೆ ಹೇಳಿಬಿಡುವವರಿದ್ದಾರೆ. ಇನ್ನು ಟೀವಿಯಿಂದ ಹೆಸರಾದ ಕಥೆಗಾರರು. 1990ರಲ್ಲಿ ಪಿಬಿಎಸ್ ಚಾನೆಲ್ಲಿನಲ್ಲಿ ಬಂದ ಅಂತರ್ಯುದ್ಧದ ಸಾಕ್ಷ್ಯಚಿತ್ರವನ್ನು ಕೋಟಿಗಟ್ಟಲೆ ಜನ ನೋಡಿದರು. ಅದರಲ್ಲಿ ಎಲ್ಲರ ಮನಸ್ಸು ಗೆದ್ದದ್ದು ಶೆಲ್ಬಿ ಫೂಟ್ ಎಂಬ ದಕ್ಷಿಣದ ಕಾದಂಬರಿಕಾರರು. ರಾಜಿ ಮಾಡಿಕೊಳ್ಳಲು ಆಗದೆ ಯುದ್ಧವಾಯಿತು ಅನ್ನೋದು ಅವರ ಮಾತು. ಗುಲಾಮಗಿರಿಯ ವಿಷಯ ಖಡಕ್ಕಾಗಿ ಹೇಳಿದ ಕೊಲಂಬಿಯಾ ವಿಶ್ವವಿದ್ಯಾಲಯದ ಬಾರ್ಬರಾ ಫೀಲ್ಡ್ಸ್ ಅವರಿಗೆ ತೆರೆಯ ಮೇಲೆ ಸಿಕ್ಕ ಹೊತ್ತು ಫೂಟ್‌ಗಿಂತ ಬಹಳ ಕಡಿಮೆ. ಜನರ ನೆನಪಿನಲ್ಲಿ ಉಳಿದದ್ದು ಫೂಟ್ ದನಿ.

ನಾನು ನೋಡುವ ಗುರುತು ಒಂದೇ. ಮಾತಾಡುವವರು ದಾಖಲೆಯ ಹೆಸರು, ತಾರೀಕು ಹೇಳುತ್ತಾರಾ? ತಮ್ಮ ವಾದಕ್ಕೆ ಒಗ್ಗದ ದಾಖಲೆಯನ್ನೂ ಎತ್ತುತ್ತಾರಾ? ಎತ್ತಿದರೆ ಅವರ ಇನ್ನೊಂದು ಭಾಷಣಕ್ಕೆ ಹೋಗಿ. ಮನೆಯಲ್ಲೇ ಕೂತು ಕೇಳಬೇಕೆಂದರೆ ಸಿ-ಸ್ಪ್ಯಾನ್ ಚಾನೆಲ್ಲಿನ ಇತಿಹಾಸದ ಕಾರ್ಯಕ್ರಮಗಳಿವೆ. ಕಾಲೇಜಿನ ಕ್ಲಾಸುಗಳನ್ನೇ ಹಾಗೆಹಾಗೇ ರೆಕಾರ್ಡ್ ಮಾಡಿ ಹಾಕುತ್ತಾರೆ, ವೆಬ್‌ಸೈಟಿನಲ್ಲಿ ಬಿಟ್ಟಿ ಸಿಗುತ್ತವೆ. ಯೂಟ್ಯೂಬಿನಲ್ಲಿ ಹುಡುಕಿದರೆ ಒಂದು ತೊಂದರೆ. ನೀವು ಒಂದು ಬಗೆಯದು ನೋಡಿದರೆ ಅದೇ ಬಗೆಯ ಹತ್ತು ಎದುರಿಗೆ ತಂದು ಇಡುತ್ತದೆ, ಕೊನೆಗೆ ಎಲ್ಲರೂ ಹೀಗೇ ಹೇಳುತ್ತಾರೆ ಅಂತ ಅನ್ನಿಸಿಬಿಡುತ್ತದೆ.

ಪ್ರಶ್ನೆ ಕೇಳಿ, ಖಂಡಿತ ಕೇಳಿ. ಹೊರಗಿನವರು ಅನ್ನುವ ಅಳುಕು ಬೇಡ. ನಮಗೂ ಆ ಯುದ್ಧಕ್ಕೂ ಸಂಬಂಧ ಇದೆ, ಅದರಲ್ಲೂ ಧಾರವಾಡದವರಿಗೆ. 1860ರಲ್ಲಿ ಅಮೆರಿಕದ ರಫ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹತ್ತಿ, ಅದನ್ನು ಬೆಳೆದದ್ದು ಗುಲಾಮರು. ಯುದ್ಧ ಬಂದು ದಕ್ಷಿಣದ ಬಂದರುಗಳು ಮುಚ್ಚಿದಾಗ ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳು ಕಣ್ಣು ಹಾಯಿಸಿದ್ದು ನಮ್ಮ ಎರೆ ಹೊಲಗಳ ಕಡೆ. ಧಾರವಾಡ-ಅಮೆರಿಕನ್ ಅನ್ನುವ ತಳಿ 1840ರ ದಶಕದಲ್ಲೇ ಅಲ್ಲಿ ಬೇರೂರಿತ್ತು. ಆ ಹತ್ತಿ ಸಾಗಿಸಲು ಕಾರವಾರವನ್ನು ಬಂದರು ಮಾಡಬೇಕು ಅಂತ ಮ್ಯಾಂಚೆಸ್ಟರಿನವರು ಒತ್ತಾಯ ಹಾಕಿದರು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋದದ್ದರ ಹಿಂದೆ ಈ ಒತ್ತಾಯವೂ ಇತ್ತು. ಬೆಲೆ ಗಗನಕ್ಕೇರಿತು, ರೈತರ ಕೈಲಿ ದುಡ್ಡು ಓಡಾಡಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ಮಕಾಡೆ ಬಿತ್ತು. ಮೊಮ್ಮಗನ ಪ್ರಾಜೆಕ್ಟಿನಲ್ಲಿ ಇದಕ್ಕೊಂದು ಪುಟ ಇರಲಿ, ಅವನ ಕ್ಲಾಸಿನಲ್ಲಿ ಬೇರೆ ಯಾರೂ ಬರೆದಿರಲಾರರು.

ಹೇಗೆ ಕೇಳಬೇಕು ಅಂದರೆ, "ನೀವು ಹೇಳಿದ್ದು ತಪ್ಪು" ಅಂತ ಶುರು ಮಾಡಬೇಡಿ. ಇವತ್ತಿನ ಅಮೆರಿಕದಲ್ಲಿ ಪ್ರತಿಮೆ, ಬಾವುಟ, ಪಠ್ಯಪುಸ್ತಕ ಎಲ್ಲವೂ ರಾಜಕೀಯ. ಪಕ್ಕದ ಕುರ್ಚಿಯವರು ಎದ್ದು ಕೂಗಾಡಿದರೆ ನಿಮ್ಮ ಪ್ರಶ್ನೆ ಅಲ್ಲೇ ಮುಳುಗುತ್ತದೆ. "ಸೌತ್ ಕ್ಯಾರೊಲಿನಾದ 1860ರ ಘೋಷಣೆಯನ್ನು ನೀವು ಹೇಗೆ ಅರ್ಥ ಮಾಡಿಕೊಳ್ಳುತ್ತೀರಿ?" ಅಂತ ಕೇಳಿ ಕೂತುಬಿಡಿ. ದಾಖಲೆ ಓದಿದವರು ಉತ್ತರ ಕೊಡುತ್ತಾರೆ, ಓದದವರು ವಿಷಯ ಬದಲಿಸುತ್ತಾರೆ. ಸಭೆಯಲ್ಲಿ ಮುಜುಗರ ಆಗುವುದಾದರೆ ಮುಗಿದ ಮೇಲೆ ಪುಸ್ತಕದ ಮೇಜಿನ ಹತ್ತಿರ ಕೇಳಿ. ಅಲ್ಲಿ ಅವರೂ ನಿರಾಳವಾಗಿ ಮಾತಾಡುತ್ತಾರೆ.

ಮೊಮ್ಮಗನಿಗೆ ನನ್ನ ಸಲಹೆ, ನಾಲ್ಕೂ ಘೋಷಣೆ ಓದಿಸಿ ತಲೆ ಕೆಡಿಸಬೇಡಿ. ಮಿಸಿಸಿಪ್ಪಿಯದು ಒಂದು, ಸ್ಟೀಫನ್ಸ್ ಭಾಷಣದ ಮೂಲೆಗಲ್ಲಿನ ಭಾಗ ಒಂದು, ಯುದ್ಧದ ನಂತರ ಅವರೇ ಬರೆದ ಪುಸ್ತಕದಿಂದ ಒಂದು ಪುಟ. ಮೂರನ್ನೂ ಪಕ್ಕ ಪಕ್ಕ ಇಟ್ಟು, ಏನು ಬದಲಾಯಿತು ಅಂತ ಅವನೇ ಬರೆಯಲಿ. ನೀವು ಹೇಳಿಕೊಡಬೇಡಿ, ಶಿಕ್ಷಕರಿಗೆ ಇದು ಕಷ್ಟ, ಗೊತ್ತು.

ಸಾಧ್ಯವಾದರೆ ಒಂದು ದಿನ ಮಗನ ಜೊತೆ ಹತ್ತಿರದ ಡರಂ ಊರಿಗೆ ಹೋಗಿ ಬನ್ನಿ. ಅಲ್ಲಿ ಸ್ಟ್ಯಾಗ್‌ವಿಲ್ ಅಂತ ಒಂದು ಹಳೆಯ ಪ್ಲಾಂಟೇಷನ್ ಇದೆ, ಈಗ ಸರ್ಕಾರದ ಸ್ಮಾರಕ. 1860ರಲ್ಲಿ ಆ ಒಂದೇ ಮನೆತನದ ಕೈಲಿ ಸುಮಾರು 30,000 ಎಕರೆ, 900 ಗುಲಾಮರು. ಅವರು ವಾಸವಿದ್ದ ಮರದ ಮನೆಗಳು ಇನ್ನೂ ನಿಂತಿವೆ, ಚಿಮಣಿಯ ಇಟ್ಟಿಗೆಗಳಲ್ಲಿ ಹಸಿ ಮಣ್ಣು ತಟ್ಟಿದವರ ಬೆರಳ ಗುರುತು ಕಾಣುತ್ತದೆ. ಅದೇ ಊರಿನಲ್ಲಿ ಬೆನೆಟ್ ಪ್ಲೇಸ್ ಅನ್ನುವ ತೋಟದ ಮನೆಯೂ ಇದೆ. 1865ರ ಏಪ್ರಿಲ್ 26ರಂದು ದಕ್ಷಿಣದ ಜನರಲ್ ಜಾನ್‌ಸ್ಟನ್ ಸುಮಾರು 90,000 ಸೈನಿಕರ ಪರವಾಗಿ ಉತ್ತರದ ಜನರಲ್ ಶೆರ್ಮನ್‌ಗೆ ಶರಣಾದದ್ದು ಅಲ್ಲಿ. ಎರಡೂ ಕಡೆ ಗೈಡ್‌ಗಳು ಸುತ್ತಾಡಿಸಿ ವಿವರಿಸುತ್ತಾರೆ. ಮೊದಲು ಸ್ಟ್ಯಾಗ್‌ವಿಲ್ ನೋಡಿ, ಆಮೇಲೆ ಬೆನೆಟ್ ಪ್ಲೇಸ್‌ಗೆ ಹೋಗಿ. ವಾರದಲ್ಲಿ ಕೆಲವು ದಿನ ಮುಚ್ಚಿರುತ್ತಾರೆ, ಹೊರಡುವ ಮುಂಚೆ ವೆಬ್‌ಸೈಟಿನಲ್ಲಿ ಸಮಯ ನೋಡಿಕೊಳ್ಳಲು ಮಗನಿಗೆ ಹೇಳಿ.